ಗಾರ್ಮೆಂಟ್ಸ್ ಮುಚ್ಚುವಾಗ ಮುಂದಿಡುವ ರಾಜೀನಾಮೆ ಪತ್ರ

ದಾವಣಗೆರೆಯ ಕಾಟನ್ ಮಿಲ್‌ಗಳು ಮುಚ್ಚಿದ್ದು ಇಡೀ ಊರಿಗೇ ಗೊತ್ತಿತ್ತು. ಗಾರ್ಮೆಂಟ್ಸ್ ಮುಚ್ಚುವುದು ಪಕ್ಕದ ಬೀದಿಗೂ ತಿಳಿಯಲ್ಲ. ಮೊದಲು ಓಟಿ, ಅಂದ್ರೆ ಹೆಚ್ಚುವರಿ ಅವಧಿಯ ಕೆಲಸ, ನಿಲ್ಲುತ್ತೆ. ಆಮೇಲೆ ಕಟಿಂಗ್ ಟೇಬಲ್ ಖಾಲಿ. ಅಲ್ಲಿ ಬಟ್ಟೆ ಹಾಸಲಿಲ್ಲ ಅಂದ್ರೆ ಹೊಲಿಗೆ ಲೈನಿಗೆ ಸ್ವಲ್ಪ ದಿನದಲ್ಲೇ ಕೆಲಸವಿಲ್ಲ ಅಂತಲೇ ಲೆಕ್ಕ. ನಂತರ ಹಳ್ಳಿಗೆ ಹೋಗುವ ವ್ಯಾನ್ ರದ್ದು. ಜಗಳೂರು ಕಡೆಯಿಂದ ಬರುವ ಹೆಣ್ಣುಮಕ್ಕಳು ವ್ಯಾನಿಲ್ಲದೆ ತಾವಾಗೇ ಕೆಲಸ ಬಿಡ್ತಾರೆ. ಮ್ಯಾನೇಜ್‌ಮೆಂಟಿಗೆ ಬೇಕಿರುವುದೂ ಅದೇ.

ಉಳಿದವರ ಮುಂದೆ ಎಚ್ಆರ್ ಒಂದು ಹಾಳೆ ಇಡ್ತಾರೆ: 'ವೈಯಕ್ತಿಕ ಕಾರಣದಿಂದ ಕೆಲಸ ಬಿಡುತ್ತಿದ್ದೇನೆ.' 'ಸೈನ್ ಹಾಕಮ್ಮ, ಪಿಎಫ್ ಬೇಗ ಬರುತ್ತೆ' ಅಂತ ಸಮಾಧಾನ ಬೇರೆ. ಆ ಸಹಿಯ ಬೆಲೆ ನೋಡಿ. ಬೇಸಿಕ್, ಡಿಎ (ತುಟ್ಟಿಭತ್ಯೆ) ಸೇರಿ 13,000 ರೂ. ಸಂಬಳ, 7 ವರ್ಷ ಸರ್ವಿಸ್ ಅಂತಿಟ್ಟುಕೊಳ್ಳಿ. ಗ್ರಾಚ್ಯುಟಿ, ಅಂದ್ರೆ ಕೆಲಸ ಬಿಡುವಾಗ ಸೇವೆಗೆ ಸಿಗುವ ಇಡುಗಂಟು, 13,000ವನ್ನು 26ರಿಂದ ಭಾಗಿಸಿ, 15ರಿಂದ, 7ರಿಂದ ಗುಣಿಸಿದರೆ 52,500. ಇದು ರಾಜೀನಾಮೆ ಕೊಟ್ಟರೂ ಸಿಗುತ್ತೆ. ಆದರೆ ಕಾರ್ಖಾನೆ ಮುಚ್ಚಿದ್ದಕ್ಕೆ ವರ್ಷಕ್ಕೆ 15 ದಿನದಂತೆ ಬರಬೇಕಾದ 45,500 ಪರಿಹಾರ, ನೋಟಿಸ್ ಕೊಡದಿದ್ದರೆ ಅದರ ಬದಲಿಗೆ ಒಂದು ತಿಂಗಳ ಸಂಬಳ 13,000, ಎರಡೂ ಹೋಯ್ತು. ಒಟ್ಟು 58,500.

'ಅಮೆರಿಕದ ಸುಂಕ ಏರಿತು, ಆರ್ಡರ್ ಇಲ್ಲ' ಅಂತಾರೆ. 2025ರ ಆಗಸ್ಟ್ 27ರಿಂದ ಸುಂಕ ಶೇ 50ಕ್ಕೆ ಏರಿದ್ದು ನಿಜ, ಹೊಡೆತ ಬಿದ್ದದ್ದೂ ನಿಜ. ಆದರೆ ಕಾನೂನಿನ ಪ್ರಕಾರ ಬರೀ ನಷ್ಟವಾಯಿತು, ಮಾಲು ಖರ್ಚಾಗಲಿಲ್ಲ ಅನ್ನೋದು ಮಾಲೀಕರ ಕೈಮೀರಿದ ಕಾರಣವಲ್ಲ. ಅದನ್ನು ಹೇಳಿ ಪರಿಹಾರವನ್ನು ಮೂರು ತಿಂಗಳ ಸಂಬಳಕ್ಕೆ ಇಳಿಸುವಂತಿಲ್ಲ. ಈ ಸಾಲು ಹಳೆಯ ಕೈಗಾರಿಕಾ ವಿವಾದ ಕಾಯ್ದೆಯಲ್ಲೂ ಇತ್ತು, 2025ರ ನವೆಂಬರ್ 21ರಿಂದ ಜಾರಿಯಲ್ಲಿರುವ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲೂ ಇದೆ.

ಹೊಸ ಸಂಹಿತೆಯಲ್ಲಿ ನನಗೆ ತಕರಾರಿರುವುದು ಬೇರೆ ಕಡೆ. ಮುಚ್ಚಲು ಸರ್ಕಾರದ ಅನುಮತಿ ಮೊದಲು 100 ಜನರಿದ್ದರೂ ಬೇಕಿತ್ತು, ಈಗ 300 ಇದ್ದರೆ ಮಾತ್ರ. ಮಧ್ಯಮ ಗಾತ್ರದ ಯೂನಿಟ್‌ಗಳೆಲ್ಲ ಹೊರಗುಳಿದವು. 50 ಜನರಿಗಿಂತ ಕಡಿಮೆಯಿದ್ದರೆ ಮೊದಲಿನಂತೆಯೇ 60 ದಿನ ಮುಂಚೆ ಸರ್ಕಾರಕ್ಕೆ ನೋಟಿಸ್ ಕೊಡುವ ಗೋಜೂ ಇಲ್ಲ.

ಪಿಎಫ್‌ಗೂ ರಾಜೀನಾಮೆಗೂ ಸಂಬಂಧವೇ ಇಲ್ಲ. ಕ್ಲೇಮ್ ತಡೆಯುವುದು ಕೆಲಸ ಬಿಟ್ಟ ದಿನಾಂಕ ನಮೂದಾಗದಿರುವುದು, ಆಧಾರ್‌ಗೂ ಪಿಎಫ್‌ಗೂ ಹೆಸರು ತಾಳೆಯಾಗದಿರುವುದು. ಕೊನೆಯ ವಂತಿಗೆ ಕಟ್ಟಿ ಎರಡು ತಿಂಗಳಾದ ಮೇಲೆ ಆ ದಿನಾಂಕವನ್ನು ಆಧಾರ್ ಓಟಿಪಿ ಮೂಲಕ ನೀವೇ ಹಾಕಬಹುದು. ಹೆಸರು ತಿದ್ದಲು ಕೆಲವರಿಗೆ ಕಂಪನಿಯ ಒಪ್ಪಿಗೆ ಬೇಕಾಗಬಹುದು, ಅದನ್ನು ಆಫೀಸಿನ ಬಾಗಿಲು ತೆರೆದಿರುವಾಗಲೇ ಸರಿಮಾಡಿಸಿ, ಪೇ ಸ್ಲಿಪ್‌ಗಳ ಫೋಟೋ ತೆಗೆದಿಡಿ. ಲೈನ್ ಖಾಲಿಯಾದ ಮೇಲೆ ಎಚ್ಆರ್ ಫೋನ್ ಎತ್ತಲ್ಲ.