32 ಕೆಬಿ ಮತ್ತು ಒಂದು ಠ

ವಾರಕ್ಕೊಬ್ಬರಾದರೂ ಫ್ಲಾಪಿ ಫೋಟೋ ಹಾಕಿ "ಇದೇನು ಅಂತ ಗೊತ್ತಿದ್ದವರು ಲೈಕ್ ಒತ್ತಿ" ಅಂತಾರೆ. ನಾನು ಒತ್ತಲ್ಲ. ಚೆನ್ನಾಗಿ ಗೊತ್ತಿರೋದಕ್ಕೇ ಒತ್ತಲ್ಲ. ಕಂಪ್ಯೂಟರಲ್ಲಿ ಮಾಡಿದ ಕೆಲಸ ಉಳಿಸಿಡೋಕೆ ಇದ್ದ 360 ಕೆಬಿಯ ಆ ಐದೂಕಾಲು ಇಂಚಿನ ಫ್ಲಾಪಿ ಬಾಗಿದರೆ ಹೋಯ್ತು, ಧೂಳು ಕೂತರೆ ಹೋಯ್ತು, ಏನೂ ಆಗದೆ ಇದ್ದರೂ ಒಂದಿನ ಹೋಯ್ತು. ಅಷ್ಟು ಸತಾಯಿಸಿದ ವಸ್ತುವನ್ನ ಈಗ ಅಜ್ಜಿ ಮನೆ ಒರಳುಕಲ್ಲಿನ ಥರ ಮುದ್ದು ಮಾಡೋಕೆ ನನ್ನ ಕೈಲಾಗಲ್ಲ. "ನಮ್ಮ ಕಾಲದ ಕಂಪ್ಯೂಟರೇ ಚೆಂದ" ಅನ್ನೋರ ಹತ್ರ ನಂದೊಂದು ಹಳೇ ತಕರಾರಿದೆ. ಅದಕ್ಕೆ ಕನ್ನಡ ಬರ್ತಿರಲಿಲ್ಲ.

1987. ಬಸವನಗುಡಿ ಕಡೆ ಒಂದು ಹೈಸ್ಕೂಲು, ನಾನು ಒಂಬತ್ತನೇ ಕ್ಲಾಸು. ಕೇಂದ್ರ ಸರ್ಕಾರ 1984ರಲ್ಲಿ ಶಾಲಾ ಮಕ್ಕಳಿಗೆ ಕಂಪ್ಯೂಟರ್ ಪರಿಚಯಿಸೋಕೆ 'ಕ್ಲಾಸ್' ಅನ್ನೋ ಯೋಜನೆ ಶುರು ಮಾಡಿ, ಮೊದಲಿಗೆ ದೇಶದ ಸುಮಾರು 250 ಶಾಲೆ ಆರಿಸಿಕೊಂಡಿತ್ತು. ಅದಕ್ಕೆ ಬಂದದ್ದು ಬಿಬಿಸಿ ಮೈಕ್ರೋ. ಇಂಗ್ಲೆಂಡಿನ ಏಕಾರ್ನ್ ಕಂಪನಿ ಬಿಬಿಸಿಗೋಸ್ಕರ ಮಾಡಿದ್ದು. ಬಿಬಿಸಿ ಅಂದರೆ ಅದೇ ರೇಡಿಯೋ ಬಿಬಿಸಿ. ಮನೇಲಿ ಹೇಳಿದಾಗ ನಮ್ಮಪ್ಪ "ವಾರ್ತೆ ಬರುತ್ತಾ ಅದರಲ್ಲಿ?" ಅಂತ ಕೇಳಿದ್ದರು. ಬರಲ್ಲ ಅಂದೆ. "ಮತ್ಯಾಕೆ?" ಅಂದರು. ನನ್ನ ಹತ್ರ ಉತ್ತರ ಇರಲಿಲ್ಲ.

ಇಡೀ ಶಾಲೆಯಲ್ಲಿ ಕಿಟಕಿಗೆ ಪರದೆ ಇದ್ದ ಕೋಣೆ ಅದೊಂದೇ. ಚಪ್ಪಲಿ ಹೊರಗೆ. ಪ್ರತಿ ಮಿಷಿನ್ನಿಗೂ ಹೊಲಿಸಿದ ಬಟ್ಟೆಯ ಗವಸು. ಸ್ವಿಚ್ ಹಾಕಿದರೆ ಮೊದಲು ಒಂದು ದಪ್ಪ ದನಿ, ಹಿಂದೆಯೇ ಒಂದು ಕೀರಲು ದನಿ, ಆಮೇಲೆ ಕಪ್ಪು ಪರದೆ ಮೇಲೆ "ಬಿಬಿಸಿ ಕಂಪ್ಯೂಟರ್ 32ಕೆ". ಅಂದರೆ ಅದರ ಮೆಮೊರಿ ಬರೀ 32 ಕೆಬಿ. ಪ್ರೊಸೆಸರ್ ವೇಗ 2 ಮೆಗಾಹರ್ಟ್ಸ್. ವಾರಕ್ಕೊಂದೇ ಪಿರಿಯಡ್ಡು, ಒಂದು ಮಿಷಿನ್ನಿಗೆ ನಾಲ್ಕು ಜನ. ಟೈಪಿಂಗ್ ಇನ್‌ಸ್ಟಿಟ್ಯೂಟಿಗೆ ಹೋಗ್ತಿದ್ದವನೊಬ್ಬನಿದ್ದ, ಕೀಲಿಮಣೆ ಅವನದೇ. ಮಿಕ್ಕ ಮೂವರ ಕೆಲಸ ಅವನ ಹೆಗಲ ಮೇಲಿಂದ ಇಣುಕಿ ತಪ್ಪು ಹುಡುಕೋದು. ಏನಾದರೂ ತಪ್ಪು ಹೊಡೆದರೆ ಅದು "ಮಿಸ್ಟೇಕ್" ಅಂತಿತ್ತು. ಅಷ್ಟೇ, ಒಂದೇ ಪದ. ನಮ್ಮ ಗಣಿತದ ಮೇಷ್ಟ್ರಿಗಿಂತ ಮರ್ಯಾದೆಯಾಗೇ ಹೇಳ್ತಿತ್ತು ಅನ್ನಿ.

ಅದರ ದಪ್ಪನೆಯ ಕೈಪಿಡಿಯಲ್ಲಿ ಒಂದಿನ ನಮ್ಮ ಕಣ್ಣಿಗೆ ಬಿದ್ದದ್ದು ವಿಡಿಯು 23 ಅನ್ನೋ ಆಜ್ಞೆ. ಎಂಟಕ್ಕೆ ಎಂಟು ಮನೆಯ ಚೌಕದಲ್ಲಿ ನಮಗೆ ಬೇಕಾದ ಅಕ್ಷರ ನಾವೇ ಬರ್ಕೊಬಹುದು! ಒಂದೊಂದು ಸಾಲಿನ ಮನೆಗಳಿಗೂ ಎಡದಿಂದ ಬಲಕ್ಕೆ 128, 64, 32, 16, 8, 4, 2, 1 ಅಂತ ಬೆಲೆ. ಕಪ್ಪು ಮಾಡಿದ ಮನೆಗಳ ಬೆಲೆಯನ್ನ ದಿನಸಿ ಚೀಟಿ ಥರ ಕೂಡಿಸಬೇಕು. ಮಧ್ಯದ ನಾಲ್ಕು ಮನೆ ಕಪ್ಪಾದರೆ 60. ಗಾಂಧಿ ಬಜಾರಿನಲ್ಲಿ ಗ್ರಾಫ್ ಹಾಳೆ ತಂದು ಭಾನುವಾರವೆಲ್ಲ ಕೂತ್ವಿ. ಮೊದಲ ಅಕ್ಷರ ಯಾವುದು? 'ಅ' ಅಂತ ಎಲ್ಲರಿಗೂ ಆಸೆ, ಆದರೆ ಅದರ ಡೊಂಕು ಎಂಟು ಮನೆಯಲ್ಲಿ ಎಲ್ಲಿ ಬಗ್ಗುತ್ತೆ? ಕೊನೆಗೆ ಗೆದ್ದದ್ದು ಯಾರಿಗೂ ಬೇಡದ 'ಠ'. ಒಂದು ಸೊನ್ನೆ, ಒಳಗೊಂದು ಚುಕ್ಕಿ.

60, 66, 129, 153, 153, 129, 66, 60.

ನೋಡಿ, ಇವತ್ತಿಗೂ ಬಾಯಿಪಾಠ. ಹೆಂಡತಿ ಫೋನ್ ನಂಬರ್ ಬರಲ್ಲ.

ಮೊದಲ ವಾರ ಟೈಪ್ ಮಾಡಿದರೆ ಪರದೆ ಮೇಲೆ ಇನ್ನೇನೋ ಬಂತು. ಗಂಟೆ ಹೊಡೀತು, ಆಫ್ ಮಾಡಿದ್ವಿ, ಎಲ್ಲ ಅಳಿಸಿಹೋಯ್ತು. ಫ್ಲಾಪಿ ಮೇಷ್ಟ್ರ ಬೀರುವಿನಲ್ಲಿ, ಬೀಗದ ಕೈ ಅವರ ಜುಬ್ಬಾ ಜೇಬಿನಲ್ಲಿ. ಮಿಷಿನ್ನು ಹುಟ್ಟಿದಾಗಿನಿಂದ ಮೋಡ್ 7 ಅನ್ನೋ ಪರದೆ ಬಗೆಯಲ್ಲಿ ಏಳುತ್ತೆ, ಅದರಲ್ಲಿ ಸ್ವಂತ ಅಕ್ಷರ ನಡೆಯಲ್ಲ, ಮೋಡ್ 4ಕ್ಕೆ ಹೋಗಬೇಕು ಅಂತ ಗೊತ್ತಾಗೋಕೆ ಮೂರು ವಾರ ಬೇಕಾಯ್ತು. ನಾಲ್ಕನೇ ವಾರ ಬಂತು. ಸಾಲಿಗೆ 40ರಂತೆ ಪರದೆ ತುಂಬ ಠ. ಟೈಪಿಂಗ್ ಹುಡುಗ ಮಾತ್ರ ತಣ್ಣಗೆ "ತಲೆಕಟ್ಟೇ ಇಲ್ವಲ್ಲೋ" ಅಂದ.

ತಲೆಕಟ್ಟು ಹಾಳಾಗಲಿ, ದೊಡ್ಡ ಪೇಚು ಬೇರೆಯೇ ಇತ್ತು. ಹಾಗೆ ಬರ್ಕೊಳ್ಳೋಕೆ ಅದು ಸುಮ್ಮನೆ ಬಿಟ್ಟುಕೊಡ್ತಿದ್ದ ಜಾಗ 224ರಿಂದ 255ರವರೆಗೆ, ಅಂದರೆ 32 ಅಕ್ಷರ. ನಮ್ಮ ವರ್ಣಮಾಲೆಯಲ್ಲಿ 49. ಕಾಗುಣಿತ, ಒತ್ತಕ್ಷರದ ಮಾತು ದೂರ, ಬರೀ ವರ್ಣಮಾಲೆಯಲ್ಲೇ 17 ಅಕ್ಷರಕ್ಕೆ ಸೀಟಿಲ್ಲ! ಕ್ಯಾಂಟೀನಿನ ಹಿಂದೆ ಕೂತು ಒಂದೊಂದನ್ನೇ ಹೊರಗೆ ಹಾಕಿದ್ವಿ. ಙ, ಞ ಹೋಗಲಿ ಅನ್ನೋದಕ್ಕೆ ಯಾರದೂ ಅಡ್ಡಿಯಿಲ್ಲ. ಋ ಕೂಡ ಹೋಯ್ತು. ಮಹಾಪ್ರಾಣ ಹತ್ತೂ ತೆಗೆಯೋಣ ಅಂದೆ ನಾನು. ಅಲ್ಲೇ ಜಗಳ. ನಮ್ಮಲ್ಲೊಬ್ಬನ ಹೆಸರು ಶುರುವಾಗ್ತಿದ್ದದ್ದೇ ಮಹಾಪ್ರಾಣದಿಂದ. "ಲೋ, ನನ್ನನ್ನೇ ತೆಗೆದುಹಾಕ್ತೀಯೇನೋ?" ಅಂದು ಎದ್ದುಹೋದವನು ನನ್ನ ಜೊತೆ ಎರಡು ದಿನ ಮಾತಾಡಲಿಲ್ಲ. ಎಷ್ಟೋ ವರ್ಷದ ಮೇಲೆ ಡಿ. ಎನ್. ಶಂಕರ ಬಟ್ಟರು ಮಹಾಪ್ರಾಣ ಬಿಡೋಣ ಅಂತ ವಾದಿಸಿದ್ದನ್ನ ಓದಿದಾಗ ಭಾಷಾಶಾಸ್ತ್ರ ತಲೆಗೆ ಹೋಗಲಿಲ್ಲ, ಇವನ ಮುಖವೇ ಎದುರಿಗೆ ಬಂತು.

ಆಮೇಲೆ ಕಾಲೇಜು, ಕೆಲಸ, ಎಸ್‌ಪಿ ರೋಡಲ್ಲಿ ಬಿಡಿಬಿಡಿಯಾಗಿ ಕೊಂಡು ಜೋಡಿಸಿದ ಪಿಸಿ, ಆಟೋದಲ್ಲಿ ತೊಡೆ ಮೇಲೆ ಮಾನಿಟರು. ಎಲ್ಲರದೂ ಅದೇ ಕತೆ, ಬಿಡಿ. 1998ರಲ್ಲಿ ಶೇಷಾದ್ರಿವಾಸು ಚಂದ್ರಶೇಖರನ್ ಅವರ 'ಬರಹ' ಬಂತು, ಕನ್ನಡ ಟೈಪ್ ಮಾಡೋ ತಂತ್ರಾಂಶ. ಇಂಗ್ಲಿಷ್ ಕೀಲಿಮಣೆಯಲ್ಲೇ ಹೊಡೀಬೇಕು, ದ ಬೇಕಾದರೆ ಚಿಕ್ಕ ಡಿ, ಡ ಬೇಕಾದರೆ ದೊಡ್ಡ ಡಿ. ನಾನು ಅದರಲ್ಲಿ ಹೊಡೆದ ಮೊದಲ ಪದ ಆ ಗೆಳೆಯನ ಹೆಸರು. ಪ್ರಿಂಟ್ ತೆಗೆದು ಪುಣೆಗೆ ಪೋಸ್ಟ್ ಮಾಡಿದೆ, ಅವನಾಗ ಅಲ್ಲಿದ್ದ. ಹಾಳೆಯಲ್ಲಿ ಹೆಸರು ಬಿಟ್ಟು ಇನ್ನೇನೂ ಇರಲಿಲ್ಲ. ಹತ್ತು ದಿನಕ್ಕೆ ಕಾರ್ಡು ಬಂತು: "ಈಗ ಸೀಟು ಸಿಕ್ಕಿತಾ?"

ಹಳೇ ಮಿಷಿನ್ನನ್ನ ಪೂರ್ತಿ ಬೈಯೋಕೂ ಆಗಲ್ಲ ನೋಡಿ. ಅದರ ಬೇಸಿಕ್ ಅನ್ನೋ ಪ್ರೋಗ್ರಾಮಿಂಗ್ ಭಾಷೆ ಬರೆದ ಸೋಫಿ ವಿಲ್ಸನ್ ಅವರೇ ಸ್ಟೀವ್ ಫರ್ಬರ್ ಜೊತೆ ಸೇರಿ ಏಕಾರ್ನ್‌ಗೆ ಹೊಸ ಪ್ರೊಸೆಸರ್ ರೂಪಿಸಿದ್ದು. 1985ರಲ್ಲಿ ಮೊದಲ ಚಿಪ್ಪು ಬಂತು. ಅದೇ ಆರ್ಮ್. ನಾನೀಗ ಇದನ್ನ ಕುಟ್ಟುತ್ತಿರೋ ಫೋನಿನೊಳಗೆ ಇರೋದು ಅದೇ ವಂಶದ ಕುಡಿ. ಕನ್ನಡ ಬಾರದ ಮನೆಯ ಮೊಮ್ಮಗ ಈಗ ಒತ್ತಕ್ಷರ ಸಮೇತ ಬರೀತಾನೆ. ಇನ್ನು ನಮ್ಮ ಠ? ಎರಡು ಠ ಮಧ್ಯೆ ಒಂದು ಗೆರೆ ಎಳೆದು ಠ_ಠ ಅಂತ ಜಗತ್ತೆಲ್ಲ ಹಾಕ್ತಾರೆ, ಗುರ್ ಅಂತ ದಿಟ್ಟಿಸೋ ಮುಖ. ಅದು ಕನ್ನಡದ ಅಕ್ಷರ ಅಂತ ಹಾಕೋರಿಗೆ ಗೊತ್ತೇ ಇರಲ್ಲ.

ಶ್ರೀ ವಿಷಯ ಹೇಳೋದು ಮರೆತೆ. ಠ ನೋಡಿದ ಮೇಷ್ಟ್ರು "ಇಂಗ್ಲಿಷ್ ಮಿಷಿನ್ನಿಗೆ ಇದೆಲ್ಲ ಯಾಕ್ರೋ" ಅಂತ ರೇಗಿ, ಬಾಗಿಲ ತನಕ ಹೋದವರು ವಾಪಸ್ ಬಂದು ಮೆಲ್ಲಗೆ "ಶ್ರೀ ಬರುತ್ತೇನ್ರೋ? ಪೂಜೆ ದಿನಕ್ಕೆ?" ಅಂದರು. ಶ-ಕ್ಕೆ ಗುಡಿಸಿನ ದೀರ್ಘ, ಕೆಳಗೆ ರ-ಒತ್ತು. ಒಂದು ಚೌಕದಲ್ಲಿ ಆಗದ ಮಾತು. ಅಡ್ಡಕ್ಕೆ ಮೂರು, ಉದ್ದಕ್ಕೆ ಎರಡು, ಆರು ಚೌಕ ಜೋಡಿಸಿ 48 ಸಂಖ್ಯೆ ಬರೆದ್ವಿ. ದಸರಾ ರಜೆಗೆ ಮುಂಚಿನ ಶನಿವಾರ, ಮಿಷಿನ್ನಿಗೆ ಚೆಂಡುಹೂವಿನ ಹಾರ, ಬಾಗಿಲಲ್ಲಿ ಬೂದುಗುಂಬಳ. ಹೆಡ್‌ಮಾಸ್ಟರು ಬರೋ ಹೊತ್ತಿಗೆ ಪರದೆ ಮೇಲೆ ಶ್ರೀ ನಿಂತಿತ್ತು. ಮಂಗಳಾರತಿ ತಟ್ಟೆ ಎತ್ತಿದ್ದೇ ತಡ, ಕರೆಂಟು ಹೋಯ್ತು.

48 ಸಂಖ್ಯೆಯೂ ಗೋವಿಂದ. ಮೇಷ್ಟ್ರು ಒಂದು ಕ್ಷಣ ನಮ್ಮ ಮುಖ ನೋಡಿದರು. ಆಮೇಲೆ ಕುಂಕುಮದ ಬಟ್ಟಲಿಗೆ ಬೆರಳದ್ದಿ, ಕತ್ತಲಾಗಿದ್ದ ಗಾಜಿನ ಮೇಲೆ ತಾವೇ ದೊಡ್ಡದಾಗಿ ಶ್ರೀ ಬರೆದರು, ಒತ್ತು ಸಮೇತ.

ರಜೆ ಮುಗಿಸಿ ಬಂದಾಗಲೂ ಅದನ್ನ ಯಾರೂ ಒರೆಸಿರಲಿಲ್ಲ. ಸ್ವಿಚ್ ಹಾಕಿ ಟೈಪಿಂಗ್ ಹುಡುಗ ಅವಸರದಲ್ಲಿ ಏನೋ ತಪ್ಪು ಹೊಡೆದ. ಕುಂಕುಮದ ಹಿಂದಿನಿಂದ ಕೆಂಪಗೆ ಬಂತು: "ಮಿಸ್ಟೇಕ್".