ಬೆರೆಸಿದ ಕೆಫೀನಿಗೆ ಲೆಕ್ಕ ಬೇಕು

ಹಾಸನದ ಕಡೆಯ ನಮ್ಮ ಮನೆಗಳಲ್ಲಿ ಮಕ್ಕಳಿಗೆ ಕಾಫಿ ಕೊಡುವುದಿದ್ದರೆ, ಹಾಲಿನ ಬಣ್ಣ ತುಸು ಬದಲಾಗುವಷ್ಟೇ ಡಿಕಾಕ್ಷನ್ ಬೆರೆಸುವುದು ವಾಡಿಕೆ. ಎಷ್ಟು ಬೆರೆಸಬೇಕೆಂಬುದು ಅಮ್ಮನ ಅಥವಾ ಅಜ್ಜಿಯ ತೀರ್ಮಾನ. ನಾನು ಈಗ ನೆಲೆಸಿರುವ, ಮುಂಬೈ ಬಳಿಯ ಡೊಂಬಿವಲಿಯಲ್ಲಿ, ಸಂಜೆಯ ಕೋಚಿಂಗ್ ಕ್ಲಾಸಿಗೆ ಹೊರಟ ಹುಡುಗರು ಕಿರಾಣಿ ಅಂಗಡಿಯ ಫ್ರಿಜ್‌ನಿಂದ ಎನರ್ಜಿ ಡ್ರಿಂಕ್ ಬಾಟಲಿ ತೆಗೆದು, ನಿಂತ ನಿಲುವಿನಲ್ಲೇ ಖಾಲಿ ಮಾಡಿ, ಹೆಗಲಿಗೆ ಚೀಲ ಏರಿಸಿ ಓಡುತ್ತಾರೆ. ಕಾಫಿಯ ಬಿಸಿ ಮತ್ತು ಕಹಿ ಕುಡಿಯುವವರನ್ನು ತಾವಾಗಿಯೇ ತಡೆಯುತ್ತವೆ. ತಣ್ಣಗಿನ ಸಿಹಿ ಪಾನೀಯದಲ್ಲಿ ಆ ತಡೆಯೇ ಇಲ್ಲ.

ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರವು ಇಂಥ ಪಾನೀಯಗಳಲ್ಲಿ ಲೀಟರಿಗೆ 300 ಮಿಲಿಗ್ರಾಂವರೆಗೆ ಕೆಫೀನ್ (ಕಾಫಿ, ಚಹಾದಲ್ಲಿರುವ ಉತ್ತೇಜಕ ಅಂಶ) ಇರಲು ಅವಕಾಶ ಕೊಟ್ಟಿದೆ. ಅಂದರೆ 250 ಮಿಲಿಲೀಟರಿನ ಒಂದು ಬಾಟಲಿಯಲ್ಲಿ 75 ಮಿಲಿಗ್ರಾಂವರೆಗೂ ಇರಬಹುದು. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರವು 2015ರಲ್ಲಿ ಮಕ್ಕಳ ವಿಷಯದಲ್ಲಿ ಸೂಚಿಸಿದ ಮಿತಿ ದಿನಕ್ಕೆ ದೇಹತೂಕದ ಪ್ರತಿ ಕಿಲೋಗೆ 3 ಮಿಲಿಗ್ರಾಂ. ಮೂವತ್ತು ಕಿಲೋ ತೂಕದ ಮಗುವಿಗೆ ಅದು 90 ಮಿಲಿಗ್ರಾಂ ಆಗುತ್ತದೆ. ಅಂಥ ಒಂದು ಬಾಟಲಿಯ ಜೊತೆಗೆ ಮನೆಯ ಒಂದು ಲೋಟ ಚಹಾ ಸೇರಿದರೆ ಮಿತಿ ದಾಟಿದಂತೆಯೇ. ವಯಸ್ಕರಲ್ಲಿಯೇ ಕೆಫೀನಿನ ಅರ್ಧಭಾಗ ಕರಗಲು ಸುಮಾರು ಐದು ಗಂಟೆ ಬೇಕಾಗುವುದರಿಂದ, ಸಂಜೆ ಆರಕ್ಕೆ ಕುಡಿದದ್ದು ರಾತ್ರಿಯ ನಿದ್ದೆಯನ್ನು ಕೆಡಿಸುವುದರಲ್ಲಿ ಆಶ್ಚರ್ಯವಿಲ್ಲ.

ಶಾಲೆಗಳ 500 ಮೀಟರ್ ವ್ಯಾಪ್ತಿಯಲ್ಲಿ ಹೆಚ್ಚು ಕೆಫೀನಿನ ಪಾನೀಯಗಳ ಮಾರಾಟ ನಿಷೇಧಿಸುವುದಾಗಿ ಮಹಾರಾಷ್ಟ್ರದ ಸಚಿವರು 2024ರಲ್ಲಿ ವಿಧಾನ ಪರಿಷತ್ತಿನಲ್ಲಿ ಹೇಳಿದ್ದರು. ಆ ಕಾಳಜಿಯನ್ನು ನಾನು ಮೆಚ್ಚುತ್ತೇನೆ. ಆದರೆ ಗಲ್ಲಿಗೊಂದು ಶಾಲೆಯಿರುವ ಈ ಊರುಗಳಲ್ಲಿ ಅಂತರ ಅಳೆದು ನಿಯಂತ್ರಿಸುವುದು ಕಷ್ಟ. ಮೇಲಾಗಿ, ಮೊಬೈಲಿನಲ್ಲಿ ತರಿಸಿಕೊಂಡದ್ದು ನೇರವಾಗಿ ಮನೆ ಬಾಗಿಲಿಗೇ ಬರುತ್ತದೆ.

ನನ್ನ ಹೆಚ್ಚಿನ ಚಿಂತೆ ಪಾನೀಯಗಳಾಚೆಗಿನದು. 2013ರಲ್ಲಿ ಅಮೆರಿಕದಲ್ಲಿ ರಿಗ್ಲಿ ಕಂಪನಿಯು ತುಂಡಿಗೆ 40 ಮಿಲಿಗ್ರಾಂ ಕೆಫೀನ್ ಇರುವ ಚ್ಯೂಯಿಂಗ್ ಗಮ್ ತಂದಾಗ, ಅಲ್ಲಿನ ಆಹಾರ ಮತ್ತು ಔಷಧ ಆಡಳಿತವು ತಿಂಡಿಗಳಿಗೆ ಕೆಫೀನ್ ಸೇರಿಸುವುದನ್ನು ಪರಿಶೀಲಿಸುವುದಾಗಿ ಹೇಳಿತು. ಕಂಪನಿ ಮಾರಾಟ ನಿಲ್ಲಿಸಿತು. ಗಮ್, ಮಿಠಾಯಿ, ಬಿಸ್ಕತ್ತುಗಳನ್ನು ಮಗುವಿನ ಕೈಗಿಡುವಾಗ ಅದರಲ್ಲಿ ಕೆಫೀನ್ ಇರಬಹುದೆಂಬ ಅನುಮಾನ ಯಾವ ತಾಯಿಗೂ ಬರುವುದಿಲ್ಲ. ಹಾಗಾಗಿ ಮಕ್ಕಳು ತಿನ್ನುವ ತಿನಿಸುಗಳಿಗೆ ಕೆಫೀನ್ ಬೆರೆಸುವುದನ್ನೇ ನಿಷೇಧಿಸಬೇಕು. ಕೆಫೀನ್ ಬೆರೆಸಿದ ಉಳಿದ ಪದಾರ್ಥಗಳ ಪೊಟ್ಟಣದ ಮುಂಭಾಗದಲ್ಲಿ, ಇಡೀ ಪೊಟ್ಟಣದಲ್ಲಿ ಎಷ್ಟು ಮಿಲಿಗ್ರಾಂ ಇದೆಯೆಂದು ದಪ್ಪಕ್ಷರದಲ್ಲಿ, ಆಯಾ ರಾಜ್ಯದ ಭಾಷೆಯಲ್ಲೂ ಮುದ್ರಿಸಬೇಕು. ಕಾಫಿಬೀಜದಲ್ಲಿ, ಚಹಾದೆಲೆಯಲ್ಲಿ ಸಹಜವಾಗಿರುವ ಕೆಫೀನಿಗೆ ಈ ನಿಯಮ ಅನ್ವಯಿಸಬೇಕಾಗಿಲ್ಲವಾದ್ದರಿಂದ ಕೊಡಗು, ಚಿಕ್ಕಮಗಳೂರಿನ ಬೆಳೆಗಾರರು ಆತಂಕಪಡುವ ಕಾರಣವಿಲ್ಲ. ಅವರೇ ಮುಂದೆ ನಿಂತು ಇದನ್ನು ಕೇಳಬೇಕೆಂಬುದು ನನ್ನ ಆಸೆ.