ಬಫರ್ ತಿನ್ನುವ ಕರೆಂಟನ್ನೂ ಲೆಕ್ಕ ಹಾಕಿ

ನಿಮ್ಮ ಲೇಖನದಲ್ಲಿ 10 ಬಿಟ್ ಎಡಿಸಿ (ಅನಲಾಗ್ ಸಿಗ್ನಲನ್ನು ಡಿಜಿಟಲ್ ಅಂಕಿ ಮಾಡುವ ಸರ್ಕ್ಯೂಟ್) ಬದಲು 12 ಬಿಟ್ ಮಾಡಿದ್ರೆ ಪವರ್ ಸ್ವಲ್ಪ ಜಾಸ್ತಿ ಆಗ್ತದೆ ಅಷ್ಟೇ ಅಂತ ಬರ್ದಿದ್ದೀರಲ್ಲ, ಅದು ಸರಿ ಅಲ್ಲ ಮಾರಾಯ್ರೆ. ಥರ್ಮಲ್ ನಾಯ್ಸ್ (ಬಿಸಿಯಿಂದ ಹುಟ್ಟುವ ವಿದ್ಯುತ್ ಗದ್ದಲ) ಅಡ್ಡ ಬರುವ ಮಟ್ಟಕ್ಕೆ ಹೋದ ಮೇಲೆ ಒಂದೊಂದು ಬಿಟ್ಟಿಗೂ ಸಿಗ್ನಲಿನ ವೋಲ್ಟೇಜನ್ನು ಹಿಡಿದಿಡುವ ಸ್ಯಾಂಪ್ಲಿಂಗ್ ಕೆಪಾಸಿಟರ್ 4 ಪಟ್ಟು ದೊಡ್ಡದಾಗ್ಬೇಕು, ಎರಡು ಬಿಟ್ ಅಂದ್ರೆ 16 ಪಟ್ಟು, ಅಷ್ಟನ್ನೂ ಅದೇ ಸ್ಪೀಡಲ್ಲಿ ಚಾರ್ಜ್ ಮಾಡುವ ಡ್ರೈವರಿಗೆ ಕರೆಂಟ್ ಎಲ್ಲಿಂದ ತರ್ತೀರಿ? ಸುರತ್ಕಲ್‌ನಲ್ಲಿ ಎಂಟೆಕ್ ಮಾಡುವಾಗ ನನ್ನ ಎಸ್‌ಎಆರ್ (ಒಂದೊಂದೇ ಬಿಟ್ ಹೋಲಿಸಿ ಅಳೆಯುವ ಬಗೆಯ ಎಡಿಸಿ) ಡಿಸೈನಲ್ಲಿ ವೋಲ್ಟೇಜ್ ಹೋಲಿಸುವ ಕಂಪ್ಯಾರೇಟರ್, ಲಾಜಿಕ್ ಎರಡೂ ಸೇರಿ ತಿಂದದ್ದಕ್ಕಿಂತ ಅಳತೆಯ ರೆಫರೆನ್ಸ್ ವೋಲ್ಟೇಜನ್ನು ಅಲುಗದ ಹಾಗೆ ಹಿಡಿದಿಡುವ ರೆಫರೆನ್ಸ್ ಬಫರ್ ಒಂದೇ ಜಾಸ್ತಿ ತಿಂತಿತ್ತು, ಆದ್ರೆ ಎಷ್ಟೋ ಪೇಪರ್‌ಗಳಲ್ಲಿ ಆ ಬಫರನ್ನು ಲೆಕ್ಕಕ್ಕೇ ಹಿಡಿಯುದಿಲ್ಲ. ಮಂಗ್ಳೂರು, ಮಣಿಪಾಲದ ಮಕ್ಕಳು ಇಂಥದ್ದನ್ನು ಓದಿಯೇ ಪ್ರಾಜೆಕ್ಟಿಗೆ ಚಿಪ್ ಆರಿಸ್ತಾರೆ, ಕೊಟ್ಟ ಮೈಕ್ರೋವ್ಯಾಟಲ್ಲಿ ಬಫರ್ ಸೇರಿ ಉಂಟಾ ಇಲ್ವಾ ಅಂತ ದಯವಿಟ್ಟು ಸ್ಪಷ್ಟ ಬರೀರಿ.